ಹೆಚ್ಚು ಸಂಬಳ ಕೊಡುತ್ತೇನೆ, ಹೋಗಬೇಡ ಎನ್ನುತ್ತಿದ್ದಾರೆ. ಇಲ್ಲ ಎಂದು ಹೇಗೆ ಹೇಳಲಿ?

ಬೈಲಹೊಂಗಲದವಳು
ಡಿಸೆಂಬರ್ 2, ರಾತ್ರಿ

ಪೀಣ್ಯದ ಒಂದು ಸಣ್ಣ ಟೂಲ್ ರೂಮಿನ ಡಿಸೈನ್ ವಿಭಾಗದಲ್ಲಿದ್ದೇನೆ. ಮಾಲೀಕರನ್ನೂ ಸೇರಿಸಿ ನಾವು 22 ಜನ. ತಗಡನ್ನು ಒತ್ತಿ ಬಿಡಿಭಾಗ ತಯಾರಿಸುವ ಅಚ್ಚುಗಳು, ಅಂದರೆ ಪ್ರೆಸ್ ಟೂಲ್, ಪ್ರೊಗ್ರೆಸಿವ್ ಡೈ, ನಮ್ಮ ಕೆಲಸ. 2021ರ ಫೆಬ್ರುವರಿ 15ರಂದು ಸೇರಿದೆ. ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಡಿಪ್ಲೊಮಾ ಮುಗಿಸಿ ಬಂದವಳಿಗೆ ಕಾಗದದ ಮೇಲಿನ ಡೈಗೂ ಪ್ರೆಸ್ಸಿಗೆ ಕಟ್ಟಿದ ಡೈಗೂ ಎಷ್ಟು ಅಂತರವಿದೆ ಎಂದು ಪಕ್ಕದಲ್ಲಿ ನಿಂತು ತೋರಿಸಿಕೊಟ್ಟವರು ಇದೇ ಮಾಲೀಕರು.

ಈಗ ಬೆಳಗಾವಿಯ ಉದ್ಯಮಬಾಗದ ಒಂದು ಕಂಪನಿಯಿಂದ ಆಫರ್ ಲೆಟರ್ ಬಂದಿದೆ. ಇಲ್ಲಿ ತಿಂಗಳಿಗೆ 46,000, ಅಲ್ಲಿ 58,000. ಸೋಮವಾರ ಸಂಜೆ ಮಾಲೀಕರಿಗೆ ಬಾಯಿಮಾತಿನಲ್ಲಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಮೇಜಿನ ಮೇಲಿದ್ದ ಚಹಾ ತಣ್ಣಗಾಯಿತು. ಇವತ್ತು ಬೆಳಗ್ಗೆ ಕರೆದು 65,000 ಕೊಡುತ್ತೇನೆ, ಡಿಸೈನ್ ವಿಭಾಗದ ಮುಖ್ಯಸ್ಥೆ ಎಂದು ಬರೆದುಕೊಡುತ್ತೇನೆ ಎಂದರು. "ನಿನಗೆ ಇಲ್ಲಿ ಏನು ಕಡಿಮೆಯಾಗಿದೆ, ಹೇಳು" ಎಂದೂ ಕೇಳಿದರು.

ಕಡಿಮೆ ಏನೂ ಆಗಿಲ್ಲ. ಅದೇ ಕಷ್ಟ. 2021ರ ಮೇ ತಿಂಗಳಲ್ಲಿ ಲಾಕ್‌ಡೌನ್ ಇದ್ದಾಗ ನಾನು ಸೇರಿ ಮೂರೇ ತಿಂಗಳಾಗಿತ್ತು, ಪೂರ್ತಿ ಸಂಬಳ ಕೊಟ್ಟರು. ಅಪ್ಪ ಕೋವಿಡ್‌ನಿಂದ ಆಸ್ಪತ್ರೆ ಸೇರಿದಾಗ 60,000 ರೂಪಾಯಿ ಕಳಿಸಿ, ಯಾವಾಗ ತೀರಿಸುತ್ತೀ ಎಂದು ಒಂದು ದಿನವೂ ಕೇಳಲಿಲ್ಲ. (ತೀರಿಸಿದ್ದೇನೆ.) ಫೋನಿನಲ್ಲಿ ಅವ್ವನಿಗೆ ಹೇಳಿದರೆ "ಉಂಡ ಮನೆಗೆ ಎರಡು ಬಗೆಯಬಾರದು ನೋಡು" ಎಂದಳು. ಆದರೆ ನಾನು ಊರ ಹತ್ತಿರ ಬರಲಿ ಎಂದು ದಾರಿ ಕಾಯುತ್ತಿರುವವಳೂ ಅವಳೇ.

ಎರಡು ದಿನ ಸಮಯ ಕೇಳಿದ್ದೇನೆ. ಇಲ್ಲ ಎನ್ನಬೇಕು ಎಂದು ಮನಸ್ಸು ಹೇಳುತ್ತಿದೆ. ಯಾವ ಮಾತಿನಲ್ಲಿ ಎನ್ನಲಿ?

ಹನ್ನೊಂದು ತಿಂಗಳು
ಡಿಸೆಂಬರ್ 2, ರಾತ್ರಿ

ನಾನು 2017ರಲ್ಲಿ ಇಂಥದೇ ಮಾತಿಗೆ ಒಪ್ಪಿ ಉಳಿದವನು. ಮೈಸೂರಿನ ಒಂದು ಬಿಡಿಭಾಗಗಳ ಕಾರ್ಖಾನೆ. ತಿಂಗಳಿಗೆ 8,000 ಹೆಚ್ಚಿಸಿದರು. ನಾನು ಕೆಲಸ ಬಿಡಲು ಹೊರಟಿದ್ದು ರಾತ್ರಿ ಪಾಳಿಯ ಕಾರಣಕ್ಕೆ. ಸಂಬಳ ಹೆಚ್ಚಾದ ಮೇಲೂ ರಾತ್ರಿ ಪಾಳಿ ಹಾಗೆಯೇ ಉಳಿಯಿತು, ಇಷ್ಟು ಕೊಟ್ಟಿದ್ದೇವಲ್ಲ ಎಂಬ ನೋಟ ಬೇರೆ ಸೇರಿಕೊಂಡಿತು. ಮುಂದಿನ ಏಪ್ರಿಲ್‌ನಲ್ಲಿ ಎಲ್ಲರಿಗೂ ಇನ್‌ಕ್ರಿಮೆಂಟ್ ಬಂತು, ನನಗೆ ಬರಲಿಲ್ಲ. ಮುಂದಿನ ವರ್ಷದ ಹಣವನ್ನೇ ಮುಂಗಡವಾಗಿ ಕೊಟ್ಟಿದ್ದರು ಎಂದು ಆಗ ತಿಳಿಯಿತು. ಹನ್ನೊಂದು ತಿಂಗಳಿಗೆ ಬಿಟ್ಟೆ. ಅಷ್ಟರಲ್ಲಿ ಮೊದಲು ಕರೆದಿದ್ದ ಕಂಪನಿ ಬೇರೆಯವರನ್ನು ತೆಗೆದುಕೊಂಡಿತ್ತು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆದವನೆಂದು ಅವರು ನನ್ನನ್ನು ಮತ್ತೆಂದೂ ಕರೆಯಲಿಲ್ಲ.

ಕಬ್ಬಿನಗದ್ದೆ
ಡಿಸೆಂಬರ್ 2, ರಾತ್ರಿ

ಎಲ್ಲರಿಗೂ ಹಾಗೆಯೇ ಆಗುತ್ತದೆ ಎಂದು ಹೇಳಬೇಡಿ. ನಾನು ಮಂಡ್ಯದವಳು, ಕೌಂಟರ್ ಆಫರ್ (ಬಿಡುತ್ತೇನೆ ಎಂದವರಿಗೆ ಈಗಿನ ಕಂಪನಿಯೇ ಹೆಚ್ಚಿಸಿ ಹೇಳುವ ಸಂಬಳ) ಒಪ್ಪಿ ಉಳಿದು ಏಳನೆಯ ವರ್ಷ ನಡೆಯುತ್ತಿದೆ, ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ನನ್ನ ದೂರು ಸಂಬಳದ್ದು ಮಾತ್ರವಾಗಿತ್ತು. ನನ್ನ ನಂತರ ಸೇರಿದ ಗಂಡಸರಿಗೆ ನನಗಿಂತ ಹೆಚ್ಚು ಕೊಡುತ್ತಿದ್ದರು. ಅದನ್ನು ಸರಿಪಡಿಸಿ, ಆದೇಶವಾಗಿ ಬರೆದು ಕೈಗಿಟ್ಟರು. ಹೋಗಲು ಇದ್ದ ಕಾರಣವೇ ಇಲ್ಲವಾಯಿತು, ಉಳಿದೆ.

ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನನ್ನದೂ ಒಂದು ಪ್ರಶ್ನೆ. ಬೆಳಗಾವಿಯ ಕೆಲಸ ಹುಡುಕಲು ಕೂತ ದಿನ ನಿಮ್ಮ ತಲೆಯಲ್ಲಿ ಏನಿತ್ತು?

ಬೈಲಹೊಂಗಲದವಳು
ಡಿಸೆಂಬರ್ 2, ರಾತ್ರಿ

ಅಪ್ಪನಿಗೆ ಎರಡು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಅವ್ವ ಒಬ್ಬಳೇ ನೋಡಿಕೊಳ್ಳುತ್ತಿದ್ದಾಳೆ. ತಿಂಗಳಿಗೆ ಎರಡು ಸಲ ಶುಕ್ರವಾರ ರಾತ್ರಿ ಬಸ್ ಹತ್ತುತ್ತೇನೆ, ಭಾನುವಾರ ರಾತ್ರಿ ಹೊರಟು ಸೋಮವಾರ ಬೆಳಗ್ಗೆ ನೇರವಾಗಿ ಕೆಲಸಕ್ಕೆ ಬರುತ್ತೇನೆ. ಸೆಪ್ಟೆಂಬರ್‌ನಲ್ಲಿ ಒಂದು ಮಂಗಳವಾರ ಅಪ್ಪ ಬಚ್ಚಲಲ್ಲಿ ಬಿದ್ದರು. ನನಗೆ ತಿಳಿದದ್ದು ಗುರುವಾರ. ನನ್ನ ಕೆಲಸಕ್ಕೆ ತೊಂದರೆಯಾಗುತ್ತದೆ ಎಂದು ಅವ್ವ ಹೇಳಿರಲಿಲ್ಲ. ಅವತ್ತೇ ಹುಡುಕಲು ಕೂತೆ.

ಸಂಬಳ ಆ ದಿನ ತಲೆಯಲ್ಲೇ ಇರಲಿಲ್ಲ. ಇಲ್ಲಿ ಬರೆಯುವಾಗಲೇ ಅದು ನನಗೆ ಸ್ಪಷ್ಟವಾಯಿತು.

ಕಬ್ಬಿನಗದ್ದೆ
ಡಿಸೆಂಬರ್ 2, ರಾತ್ರಿ

ಹಾಗಾದರೆ ಅವರು 65,000 ಅಲ್ಲ, ಒಂದು ಲಕ್ಷ ಕೊಟ್ಟರೂ ಬೈಲಹೊಂಗಲ ಬೆಂಗಳೂರಿನ ಹತ್ತಿರಕ್ಕೆ ಬರುವುದಿಲ್ಲ. ಅವರಿಗೂ ಇದನ್ನೇ ಹೇಳಿ.

ಅರ್ಧ ಗಂಟೆ
ಡಿಸೆಂಬರ್ 3, ಬೆಳಗ್ಗೆ

ನನಗೆ ಈ ಚರ್ಚೆ ಓದಿ ಕಸಿವಿಸಿಯಾಯಿತು. 2023ರಲ್ಲಿ ನನ್ನನ್ನು ಕೆಲಸದಿಂದ ತೆಗೆದಾಗ ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ಒಪ್ಪಿಸಿ ಹೊರಗೆ ಬಂದೆ. ಒಂಬತ್ತು ವರ್ಷ ಅಲ್ಲಿಯೇ ದುಡಿದಿದ್ದೆ. ಮಾಲೀಕರು ಹಂಗು ಇಟ್ಟುಕೊಳ್ಳುವುದಿಲ್ಲ, ನೌಕರರು ಮಾತ್ರ ಉಪ್ಪಿನ ಲೆಕ್ಕ ಬರೆದುಕೊಂಡು ಕೂತಿರಬೇಕೇ? ಪತ್ರ ಕೊಡಿ, ನೋಟಿಸ್ ಅವಧಿ ಮುಗಿಸಿ, ಹೊರಡಿ. ಅಷ್ಟೇ ನಿಮ್ಮ ಕರ್ತವ್ಯ.

ತುಂಗೆಯ ದಡ
ಡಿಸೆಂಬರ್ 3, ಬೆಳಗ್ಗೆ

ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ, 14 ಜನ. ಮೇಜಿನ ಆಚೆ ಕೂತವನು ಬರೆಯುತ್ತಿದ್ದೇನೆ.

ಮೇಲೆ ಬರೆದವರೇ, ನಿಮಗೆ ಆದದ್ದು ಅನ್ಯಾಯ. ಆ ಅರ್ಧ ಗಂಟೆಯನ್ನು ಸಮರ್ಥಿಸುವ ಮಾತು ನನ್ನಲ್ಲಿಲ್ಲ. ಆದರೆ ಋಣ ಬೇರೆ, ಹಂಗು ಬೇರೆ. ಹಂಗು ಎಂದರೆ ಕೊಟ್ಟವನು ನಿಮ್ಮ ಕಾಲಿಗೆ ಕಟ್ಟಿದ ಹಗ್ಗ. ಋಣ ನೀವಾಗಿ ನೆನಪಿಟ್ಟುಕೊಂಡದ್ದು. ಈ ಹೆಣ್ಣುಮಗಳು ಋಣದ ಮಾತಾಡುತ್ತಿದ್ದಾಳೆ. ಅವಳ ಮಾಲೀಕರು ಆ 60,000ವನ್ನು ಈಗ ಎತ್ತಿ ಆಡಿದರೆ ಮಾತ್ರ ಅದು ಹಂಗಾಗುತ್ತದೆ. ಅವರು ಎತ್ತಿಲ್ಲ ಎಂದು ಅವಳ ಬರಹದಿಂದ ತಿಳಿಯುತ್ತದೆ.

ನಾನು ಮೂರು ಸಲ ಕೌಂಟರ್ ಆಫರ್ ಕೊಟ್ಟಿದ್ದೇನೆ. ಮೂರು ಸಲವೂ ಆ ಮಾತು ಹುಟ್ಟಿದ್ದು ಭಯದಿಂದ. ಹುಡುಗ "ಬಿಡುತ್ತೇನೆ ಸಾರ್" ಎಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಅವನ ಮುಖವಲ್ಲ, ಮುಂದಿನ ತಿಂಗಳು ಹೋಗಬೇಕಾದ ಮಾಲು. ಯಾವ ಫಿಕ್ಸ್ಚರಿಗೆ ಎಲ್ಲಿ ತೆಳ್ಳನೆಯ ತಗಡಿನ ಚೂರು (ಶಿಮ್) ಇಡಬೇಕು ಎಂಬುದು ಅವನ ತಲೆಯಲ್ಲಿ ಮಾತ್ರ ಇತ್ತು. ಆ ರಾತ್ರಿ ನಿದ್ದೆ ಬಾರದೆ, ಬೆಳಗ್ಗೆ ಎದ್ದು ಬಾಯಿಗೆ ಬಂದ ಅಂಕಿ ಹೇಳಿದೆ. ಅವನು ನನಗೆ ಬೇಕು ಎಂಬುದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಸಮಯ ಬೇಕಿತ್ತು. ಒಬ್ಬ ಉಳಿದ, ಎಂಟು ತಿಂಗಳ ನಂತರ ಹೋದ. ಆ ಎಂಟು ತಿಂಗಳು ನಾನು ಅವನಿಗೆ ಹೊಸ ಗಿರಾಕಿಯ ಕೆಲಸ ಕೊಡಲಿಲ್ಲ. ಬೇಕೆಂದು ಮಾಡಿದ್ದಲ್ಲ, ಇವನು ಎಂದಾದರೂ ಹೋಗುವವನೇ ಎಂದು ಕೈ ಹಿಂದೆ ಸರಿಯುತ್ತಿತ್ತು. ಅದನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ.

ತಾಯಿ, ನೀವು ಎರಡು ದಿನ ಸಮಯ ಕೇಳಿದ್ದು ತಪ್ಪಲ್ಲ, ಆದರೆ ಆ ಎರಡು ದಿನದಲ್ಲಿ ಅವರ ಆಸೆ ಬೆಳೆಯುತ್ತದೆ. ನನ್ನಂಥವನಾಗಿದ್ದರೆ ಅಷ್ಟರಲ್ಲಿ ಗಿರಾಕಿಗೆ "ಅವಳು ಉಳಿಯುತ್ತಾಳೆ" ಎಂದೂ ಹೇಳಿಬಿಟ್ಟಿರುತ್ತೇನೆ. ನಾಳೆಯವರೆಗೆ ಕಾಯಬೇಡಿ, ಇವತ್ತೇ ಹೇಳಿ. ವಾಟ್ಸ್ಆ್ಯಪ್‌ನಲ್ಲಿ ಬೇಡ, ಎದುರು ಕೂತು ಹೇಳಿ. "ನೋಡೋಣ, ಯೋಚಿಸುತ್ತೇನೆ, ಮನೆಯಲ್ಲಿ ಕೇಳುತ್ತೇನೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. ಹೊಸ ಸಂಬಳದ ಅಂಕಿ ಹೇಳಬೇಡಿ, ಹೇಳಿದರೆ ಮಾತು ಹರಾಜಿಗೆ ಇಳಿಯುತ್ತದೆ. ಕಾರ್ಖಾನೆಯ ಕೊರತೆಗಳ ಪಟ್ಟಿಯನ್ನೂ ಕೊಡಬೇಡಿ, ಅದನ್ನು ಹೇಳುವ ಕಾಲ ಹಿಂದೆಯೇ ಹೋಯಿತು.

ಸುಳ್ಳು ಕಾರಣ ಮಾತ್ರ ಬೇಡವೇ ಬೇಡ. ನನ್ನಲ್ಲಿದ್ದ ಒಬ್ಬ ಮುಂದೆ ಓದುತ್ತೇನೆ ಎಂದು ಹೇಳಿ ಹೋದ. ಸಿಹಿ ಹಂಚಿ ಕಳಿಸಿಕೊಟ್ಟೆವು. ಮೂರು ವಾರಕ್ಕೆ ನಾಲ್ಕು ಶೆಡ್ ಆಚೆ ಅವನ ಬೈಕ್ ನಿಂತಿತ್ತು. ಹೋದದ್ದಕ್ಕೆ ನೋವಾಗಲಿಲ್ಲ, ಆ ಸಿಹಿಗೆ ನೋವಾಯಿತು.

ಲೆಕ್ಕದ ಪುಸ್ತಕ
ಡಿಸೆಂಬರ್ 3, ಬೆಳಗ್ಗೆ

ಹುಬ್ಬಳ್ಳಿಯಲ್ಲಿ ಸಣ್ಣ ಕಂಪನಿಗಳ ಸಂಬಳದ ಲೆಕ್ಕ ನೋಡುವುದು ನನ್ನ ಉದ್ಯೋಗ. ಮಾತಿನ ವಿಷಯ ಮೇಲಿನವರು ಹೇಳಿದ್ದಾರೆ, ನಾನು ತಾರೀಖಿನ ವಿಷಯಕ್ಕೆ ಬರುತ್ತೇನೆ.

ನೀವು ಸೇರಿದ್ದು 2021ರ ಫೆಬ್ರುವರಿ 15. ನೋಟಿಸ್ ಅವಧಿ ಎರಡು ತಿಂಗಳು ಎಂದುಕೊಳ್ಳೋಣ. ಇವತ್ತು ಪತ್ರ ಕೊಟ್ಟರೆ ಫೆಬ್ರುವರಿ ಮೊದಲ ವಾರದಲ್ಲಿ ಬಿಡುಗಡೆ. ಐದು ವರ್ಷ ತುಂಬಲು ಹತ್ತು ಹನ್ನೆರಡು ದಿನ ಮಾತ್ರ ಕಡಿಮೆ! ಖಾಯಂ ನೌಕರರಿಗೆ ಗ್ರಾಚ್ಯುಟಿ (ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕಂಪನಿ ಕೊಡುವ ಹಣ) ಸಿಗಲು ಐದು ವರ್ಷದ ನಿರಂತರ ಸೇವೆ ಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಒಂದು ವರ್ಷ ಎಂದು ಇರುವುದು ನಿಶ್ಚಿತ ಅವಧಿಗೆ ನೇಮಕವಾದವರಿಗೆ, ನಿಮಗಲ್ಲ. ಐದನೆಯ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದೆ ನಿಜ, ಆದರೆ ಎಲ್ಲ ಕಂಪನಿಗಳೂ ಅದನ್ನು ಒಪ್ಪುವುದಿಲ್ಲ. ಹನ್ನೆರಡು ದಿನಕ್ಕಾಗಿ ವಾದಕ್ಕೆ ಕೂರುವುದಕ್ಕಿಂತ ಕೊನೆಯ ದಿನವನ್ನೇ ಮುಂದಕ್ಕೆ ಹಾಕಿ ಎಂದು ಪತ್ರದಲ್ಲಿ ಬರೆಯಿರಿ.

ಲೆಕ್ಕ ಸುಲಭ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. ಮೂಲ ವೇತನ 26,000 ಇದ್ದರೆ ವರ್ಷಕ್ಕೆ 15,000, ಐದು ವರ್ಷಕ್ಕೆ 75,000.

ಪಿಎಫ್ ಹಣವನ್ನು ತೆಗೆಯಬೇಡಿ, ಅದೇ ಯುಎಎನ್ (ಪಿಎಫ್ ಖಾತೆಗಳನ್ನು ಜೋಡಿಸುವ) ಸಂಖ್ಯೆಯಲ್ಲಿ ಹೊಸ ಕಂಪನಿಗೆ ವರ್ಗಾಯಿಸಿ. ವರ್ಗಾಯಿಸಿದರೆ ಹಳೆಯ ಸೇವೆಯೂ ಸೇರುತ್ತದೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಲೆಕ್ಕ ಮುಂದುವರಿಯುತ್ತದೆ. ಕೆಲಸ ಬಿಟ್ಟ ದಿನಾಂಕವನ್ನು ಹಳೆಯ ಕಂಪನಿ ನಮೂದಿಸದಿದ್ದರೆ ಎರಡು ತಿಂಗಳ ನಂತರ ನೀವೇ ಪೋರ್ಟಲ್‌ನಲ್ಲಿ ನಮೂದಿಸಬಹುದು. ಹೊಸ ಕಂಪನಿಗೆ ಇಲ್ಲಿಯ ಸಂಬಳವನ್ನೂ ಬರೆದು ತಿಳಿಸಿ. ಇಲ್ಲವಾದರೆ ಇಬ್ಬರೂ ತೆರಿಗೆ ವಿನಾಯಿತಿಯನ್ನು ಮೊದಲಿನಿಂದ ಲೆಕ್ಕ ಹಾಕುತ್ತಾರೆ, ತೆರಿಗೆ ಬೀಳುವಷ್ಟು ಆದಾಯವಿದ್ದರೆ ಬಾಕಿ ಜುಲೈನಲ್ಲಿ ನಿಮ್ಮ ತಲೆಯ ಮೇಲೆ ಬರುತ್ತದೆ.

ಅಪ್ಪನ ಹೆಸರು ಕಂಪನಿಯ ಗುಂಪು ವಿಮೆಯಲ್ಲಿದೆಯೇ? ಅದು ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ನಿಲ್ಲುತ್ತದೆ. ಬೆಳಗಾವಿಯ ಕಂಪನಿ ತಂದೆತಾಯಿಯನ್ನು ಸೇರಿಸುತ್ತದೆಯೇ, ಈಗಾಗಲೇ ಇರುವ ಕಾಯಿಲೆಗೆ ಮೊದಲ ದಿನದಿಂದ ರಕ್ಷಣೆ ಇದೆಯೇ ಎಂದು ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲಿ ಪಡೆಯಿರಿ. 58,000 ಮತ್ತು 65,000ದ ನಡುವಿನ ಅಂತರಕ್ಕಿಂತ ನಿಮ್ಮ ಮನೆಗೆ ಇದು ದೊಡ್ಡದು.

ಹೊಸಬ
ಡಿಸೆಂಬರ್ 3, ಮಧ್ಯಾಹ್ನ

ಇದೇ ಚರ್ಚೆಯಲ್ಲಿ ಕೇಳಬಹುದೇ? ಸೇರುವಾಗ ನನ್ನಿಂದ 2 ಲಕ್ಷದ ಬಾಂಡ್ ಬರೆಸಿಕೊಂಡಿದ್ದಾರೆ. ಭಾರತೀಯ ಒಪ್ಪಂದ ಕಾಯ್ದೆಯ 27ನೆಯ ಕಲಮಿನ ಪ್ರಕಾರ ಅದು ಅಸಿಂಧು, ಕೊಡಬೇಕಿಲ್ಲ ಎಂದು ಗೆಳೆಯ ಹೇಳುತ್ತಾನೆ.

ಲೆಕ್ಕದ ಪುಸ್ತಕ
ಡಿಸೆಂಬರ್ 3, ಮಧ್ಯಾಹ್ನ

ಗೆಳೆಯರ ಮಾತು ಅರ್ಧ ಸರಿ. ಬಿಟ್ಟ ಮೇಲೆ ಇನ್ನೊಂದು ಕಡೆ ಕೆಲಸ ಮಾಡಬಾರದು ಎಂಬ ಷರತ್ತು 27ನೆಯ ಕಲಮಿನ ಎದುರು ನಿಲ್ಲುವುದಿಲ್ಲ. ಇಷ್ಟು ವರ್ಷ ಇರಬೇಕು, ಇಲ್ಲವಾದರೆ ಇಷ್ಟು ಹಣ ಎಂಬುದು ಬೇರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಎಂಬ ಷರತ್ತನ್ನು ಎತ್ತಿಹಿಡಿದಿದೆ. ಕರ್ನಾಟಕ ಹೈಕೋರ್ಟ್ ನೌಕರನ ಪರವಾಗಿ ಹೇಳಿದ್ದನ್ನು ರದ್ದುಪಡಿಸಿದ ತೀರ್ಪು ಅದು. ಅಲ್ಲಿ ಇದ್ದದ್ದು ಸರ್ಕಾರಿ ಬ್ಯಾಂಕ್, ಹೊಸ ನೇಮಕಾತಿ ನಡೆಸುವ ಅದರ ಖರ್ಚನ್ನೂ ನ್ಯಾಯಾಲಯ ನೋಡಿತು. ನಿಮ್ಮದು ಖಾಸಗಿ ಕಂಪನಿಯಾದರೆ, ನಿಮ್ಮ ತರಬೇತಿಗೆ ಅವರು ನಿಜವಾಗಿ ಖರ್ಚು ಮಾಡಿದ್ದಾರೆಯೇ ಎಂಬುದು ಮುಖ್ಯವಾಗುತ್ತದೆ. ಪತ್ರ ಕೊಡುವ ಮೊದಲು ಬಾಂಡ್ ಹಿಡಿದುಕೊಂಡು ವಕೀಲರ ಬಳಿ ಹೋಗಿ.

ಬೈಲಹೊಂಗಲದವಳು
ಡಿಸೆಂಬರ್ 3, ರಾತ್ರಿ

ಹೇಳಿದೆ.

ಊಟದ ವಿರಾಮದಲ್ಲಿ ಹೋದೆ. ಕೂರುವ ಮೊದಲೇ ಹೇಳಿಬಿಟ್ಟೆ, ಕೂತರೆ ಮಾತು ಗಂಟಲಲ್ಲಿ ಉಳಿಯುತ್ತಿತ್ತು. "ಸಾರ್, ನೀವು ಹೇಳಿದ ಸಂಬಳ ನನ್ನ ಯೋಗ್ಯತೆಗೆ ನೀವು ಕೊಟ್ಟ ಗೌರವ. ಆದರೆ ನಾನು ಸಂಬಳಕ್ಕಾಗಿ ಹೊರಟಿಲ್ಲ. ಅಪ್ಪನ ಹತ್ತಿರ ಇರಬೇಕು. ಬೆಳಗಾವಿಗೆ ಹೋಗುವುದು ಖಚಿತ. ಫೆಬ್ರುವರಿ 18ರವರೆಗೆ ಇಲ್ಲಿರುತ್ತೇನೆ, ಒಂದು ಡೈ ಕೂಡ ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ."

ಅವರು 75,000 ಎಂದರು. ನಾನು ಅದನ್ನೇ ಇನ್ನೊಮ್ಮೆ ಹೇಳಿದೆ, ಒಂದು ಪದವನ್ನೂ ಸೇರಿಸಲಿಲ್ಲ. ಆಮೇಲೆ ಅವರು ಕೇಳಿದ್ದಕ್ಕೆ ನಾನು ಸಿದ್ಧಳಿರಲಿಲ್ಲ. "ಅಪ್ಪ ಅವ್ವನನ್ನು ಇಲ್ಲಿಗೇ ಕರೆದುಕೊಂಡು ಬಾ. ದಾಸರಹಳ್ಳಿಯಲ್ಲಿ ನೆಲಮಹಡಿಯ ಮನೆ ನೋಡಿಕೊಡುತ್ತೇನೆ, ಅಡ್ವಾನ್ಸ್ ನಾನು ಕಟ್ಟುತ್ತೇನೆ." ಇದು ಹಣದ ಮಾತಲ್ಲ. ಒಂದು ಕ್ಷಣ ಒಪ್ಪಿಬಿಡೋಣ ಎನ್ನಿಸಿತು.

ಆಗ ಅಪ್ಪನ ಕೈ ನೆನಪಾಯಿತು. ನಮ್ಮ ಮನೆಯಲ್ಲಿ ರಾತ್ರಿ ಎದ್ದರೆ ಅವರಿಗೆ ಯಾವ ಗೋಡೆ ಹಿಡಿಯಬೇಕು, ಎಷ್ಟು ಹೆಜ್ಜೆಗೆ ಬಾಗಿಲು ಬರುತ್ತದೆ ಎಂದು ಗೊತ್ತು. ಅವರು ಹಿಡಿದು ಹಿಡಿದು ಆ ಗೋಡೆಯ ಸುಣ್ಣ ಒಂದು ಎತ್ತರದಲ್ಲಿ ಮಾತ್ರ ಕಪ್ಪಾಗಿದೆ. ಹೊಸ ಮನೆಯಲ್ಲಿ ಅವರಿಗೆ ಗೋಡೆಯೇ ಇರುವುದಿಲ್ಲ. ಅದನ್ನು ಹೇಳಿದೆ. ಮಾಲೀಕರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಸರಿ, ಪತ್ರ ಬರೆದುಕೊಂಡು ಬಾ" ಎಂದರು.

ಪತ್ರ ಹೀಗೆ ಬರೆದಿದ್ದೇನೆ, ತಿದ್ದಿಕೊಡಿ: "ಮಾನ್ಯರೇ, ಅನಿವಾರ್ಯ ಕಾರಣಗಳಿಂದ ನನ್ನ ಹುದ್ದೆಗೆ ರಾಜೀನಾಮೆ ನೀಡಲು ತುಂಬಾ ವಿಷಾದಿಸುತ್ತೇನೆ. ತಮಗಾಗುವ ತೊಂದರೆಗೆ ಕ್ಷಮೆ ಇರಲಿ. ದಯವಿಟ್ಟು ನನ್ನ ರಾಜೀನಾಮೆಯನ್ನು ಅಂಗೀಕರಿಸಲು ಪರಿಶೀಲಿಸಬೇಕೆಂದು ಕೋರುತ್ತೇನೆ."

ಹನ್ನೊಂದು ತಿಂಗಳು
ಡಿಸೆಂಬರ್ 3, ರಾತ್ರಿ

"ಪರಿಶೀಲಿಸಬೇಕೆಂದು" ತೆಗೆಯಿರಿ. ಅವರು ಪರಿಶೀಲಿಸಿ ಬೇಡ ಎಂದರೆ ಉಳಿಯುವಿರಾ? ನೀವು ತಿಳಿಸುತ್ತಿದ್ದೀರಿ, ಅರ್ಜಿ ಹಾಕುತ್ತಿಲ್ಲ.

ಕಬ್ಬಿನಗದ್ದೆ
ಡಿಸೆಂಬರ್ 3, ರಾತ್ರಿ

ಕ್ಷಮೆಯನ್ನೂ ತೆಗೆಯಿರಿ, ಅಲ್ಲಿ ಕೃತಜ್ಞತೆ ಬರಲಿ. ಅಪ್ಪನ ಕಾಯಿಲೆ ಪತ್ರದಲ್ಲಿ ಬೇಡ, ಅದು ಕಡತದಲ್ಲಿ ಉಳಿಯುವ ಕಾಗದ. ಎದುರು ಹೇಳಿದ್ದು ಸಾಕು. ಕೊನೆಯ ದಿನಾಂಕವನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ತುಂಗೆಯ ದಡ
ಡಿಸೆಂಬರ್ 3, ರಾತ್ರಿ

ಪತ್ರದ ಪ್ರತಿಯ ಮೇಲೆ "ಸ್ವೀಕರಿಸಿದೆ" ಎಂದು ಸಹಿ, ದಿನಾಂಕ ಪಡೆಯಿರಿ. ಒಳ್ಳೆಯ ಮಾಲೀಕರಾದರೂ ಪಡೆಯಿರಿ, ನಾಳೆ ಅವರ ಕುರ್ಚಿಯಲ್ಲಿ ಮಗ ಕೂತಿರಬಹುದು.

ಬೈಲಹೊಂಗಲದವಳು
ಡಿಸೆಂಬರ್ 4, ರಾತ್ರಿ

ಕೊಟ್ಟ ಪತ್ರ ಇದು:

"ಮಾನ್ಯರೇ, ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. 2026ರ ಫೆಬ್ರುವರಿ 18 ನನ್ನ ಕೊನೆಯ ಕೆಲಸದ ದಿನವಾಗಿರುತ್ತದೆ. ಈ ಐದು ವರ್ಷಗಳಲ್ಲಿ ನಾನು ಕಲಿತ ಕೆಲಸವೆಲ್ಲವೂ ಇಲ್ಲಿಯದು. ಅದಕ್ಕಾಗಿ ತಮಗೆ ಕೃತಜ್ಞಳು. ನನ್ನ ಕೈಯಲ್ಲಿರುವ ಎಲ್ಲ ಡೈಗಳ ವಿವರವನ್ನು ಬರೆದು, ತಾವು ಸೂಚಿಸುವವರಿಗೆ ಒಪ್ಪಿಸುತ್ತೇನೆ."

ಸಹಿ ಸಿಕ್ಕಿತು. ಬೆಳಗಾವಿಯ ಕಂಪನಿಗೆ ಫೆಬ್ರುವರಿ 23ರ ಸೋಮವಾರ ಸೇರುತ್ತೇನೆ ಎಂದು ಬರೆದೆ, ಒಪ್ಪಿದರು. ತಂದೆತಾಯಿಯ ವಿಮೆಗೆ ಉತ್ತರವೂ ಇ-ಮೇಲ್‌ನಲ್ಲಿ ಬಂತು: ಇಬ್ಬರನ್ನೂ ಸೇರಿಸುತ್ತಾರೆ, ಕಾಯಿಲೆಗೆ ಕಾಯುವ ಅವಧಿ ಇಲ್ಲ, ಪ್ರೀಮಿಯಂನ ಅರ್ಧ ನನ್ನದು.

ಅರ್ಧ ಗಂಟೆ
ಡಿಸೆಂಬರ್ 4, ರಾತ್ರಿ

ನಿಮ್ಮ ಮಾಲೀಕರಂಥವರು ನನಗೆ ಸಿಗಲಿಲ್ಲ. ನಾನು ನನ್ನ ನೋವಿನಿಂದ ಬರೆದಿದ್ದೆ. ಗೋಡೆಯ ಮಾತು ಓದಿ ಊರಿಗೆ ಫೋನ್ ಮಾಡಿದೆ.

ಬೈಲಹೊಂಗಲದವಳು
ಮಾರ್ಚ್ 11

ಇಲ್ಲಿ ಸಲಹೆ ಕೊಟ್ಟವರಿಗೆ ಮುಂದಿನದನ್ನು ತಿಳಿಸಬೇಕು ಎನ್ನಿಸಿತು.

ಪತ್ರ ಕೊಟ್ಟ ಮೇಲೆ ಮೊದಲ ಎರಡು ವಾರ ಕಷ್ಟವಾಗಿತ್ತು. ಮಾಲೀಕರು ಕೆಲಸದ ಮಾತು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಸಹೋದ್ಯೋಗಿಗಳು ಎಷ್ಟು ಸಂಬಳ ಎಂದು ಕೇಳಿದರು, "ಊರಿಗೆ ಹೋಗುತ್ತಿದ್ದೇನೆ" ಎಂದಷ್ಟೇ ಹೇಳಿದೆ. ನನ್ನ ಜಾಗಕ್ಕೆ ಬಂದ ಹುಡುಗನನ್ನು ಡ್ರಾಯಿಂಗ್ ಮುಂದೆ ಕೂರಿಸುವ ಮೊದಲು ಹದಿನೈದು ದಿನ ಟ್ರೈಔಟ್‌ಗೆ (ಡೈಯನ್ನು ಪ್ರೆಸ್ಸಿಗೆ ಕಟ್ಟಿ ಪರೀಕ್ಷಿಸುವ ಕೆಲಸ) ನಿಲ್ಲಿಸಿದೆ, ನನ್ನನ್ನು ನಿಲ್ಲಿಸಿದ್ದ ಹಾಗೆ. ರಾತ್ರಿ ರೂಮಿನಲ್ಲಿ ಕೂತು 63 ಡೈಗಳ ಚರಿತ್ರೆಯನ್ನು ಒಂದು ರಿಜಿಸ್ಟರಿನಲ್ಲಿ ಬರೆದೆ. ಡ್ರಾಯಿಂಗ್‌ನಲ್ಲಿ ಇಲ್ಲದ್ದು ಎಷ್ಟು ನನ್ನ ತಲೆಯಲ್ಲಿತ್ತು ಎಂದು ಬರೆಯುವಾಗ ಗಾಬರಿಯಾಯಿತು. ಒಂದು ಡೈಯ ಮೂರನೆಯ ಸ್ಟೇಷನ್ನಿನ ಪೈಲಟ್ ಪಂಚನ್ನು (ತಗಡಿನ ಪಟ್ಟಿಯನ್ನು ಸರಿಯಾದ ಜಾಗಕ್ಕೆ ಕೂರಿಸುವ ಪಿನ್) ಪ್ರೆಸ್ಸಿನ ಪಕ್ಕದಲ್ಲೇ 0.3 ಮಿಲಿಮೀಟರ್ ಉಜ್ಜಿ ಗಿಡ್ಡ ಮಾಡಿದ್ದೆವು, 2022ರಲ್ಲಿ. ಎಲ್ಲಿಯೂ ಬರೆದಿರಲಿಲ್ಲ.

ಫೆಬ್ರುವರಿ 18ರಂದು ರಿಲೀವಿಂಗ್ ಲೆಟರ್ ಕೈಗೆ ಬಂತು, ಉಳಿದ ಸಂಬಳ ಮರುದಿನ, ಗ್ರಾಚ್ಯುಟಿ ಮಾರ್ಚ್ ಮೊದಲ ವಾರ. 75,000, ಲೆಕ್ಕ ಹೇಳಿದಷ್ಟೇ.

ಮೊನ್ನೆ ಊಟದ ಹೊತ್ತಿಗೆ ಮಾಲೀಕರ ಫೋನ್ ಬಂತು. ಅದೇ ಡೈಯಲ್ಲಿ ತಗಡಿನ ಪಟ್ಟಿ ಸಿಕ್ಕಿಕೊಳ್ಳುತ್ತಿದೆ ಎಂದರು. "ರಿಜಿಸ್ಟರಿನ 41ನೆಯ ಪುಟ ನೋಡಿ ಸಾರ್" ಎಂದೆ. ಹೊಸ ಪಂಚನ್ನು ಡ್ರಾಯಿಂಗ್ ಅಳತೆಗೆ ಮಾಡಿ ಹಾಕಿದ್ದರು. ಪುಟ ತಿರುವುವ ಸದ್ದು ಕೇಳಿಸಿತು. "ಸಿಕ್ಕಿತು" ಎಂದರು. ಆಮೇಲೆ ಅಪ್ಪನನ್ನು ಕೇಳಿದರು.

ತುಂಗೆಯ ದಡ
ಮಾರ್ಚ್ 11

ಆ ರಿಜಿಸ್ಟರಿನ ನಮೂನೆ ಹೇಗಿದೆ? ಖಾಲಿ ಪುಟದ ಅಂಕಣಗಳನ್ನು ಮಾತ್ರ ಹೇಳಿದರೂ ಸಾಕು. ನಮ್ಮಲ್ಲಿ ಯಾರಾದರೂ ಬಿಡುತ್ತೇನೆ ಎನ್ನುವ ಮೊದಲೇ ಬರೆಸುತ್ತೇನೆ.

ಬೈಲಹೊಂಗಲದವಳು
ಮಾರ್ಚ್ 11

ಡೈ ಸಂಖ್ಯೆ, ಗಿರಾಕಿಯ ಬಿಡಿಭಾಗ, ತಗಡಿನ ದಪ್ಪ, ಪಂಚ್ ಮತ್ತು ಡೈ ನಡುವಿನ ಸಂದು (ಕ್ಲಿಯರೆನ್ಸ್), ಯಾವ ಪ್ರೆಸ್, ಕೊನೆಯ ಬಾರಿ ಸಾಣೆ ಹಿಡಿದ ದಿನ, ಅಲ್ಲಿಯವರೆಗೆ ಬಂದ ತುಂಡುಗಳ ಸಂಖ್ಯೆ. ಕೊನೆಯದು "ಡ್ರಾಯಿಂಗ್‌ನಲ್ಲಿ ಇಲ್ಲದ್ದು". ಆ ಅಂಕಣವನ್ನು ಅರ್ಧ ಪುಟದಷ್ಟು ಅಗಲ ಇಡಿ, ನಮ್ಮಲ್ಲಿ ಮೊದಲು ತುಂಬಿದ್ದು ಅದೇ.